ಹೂಳುವ ಕೆಲಸ

ಹಿಮವೆಂದರೆ ನನಗೆ ಬಂಗುಡೆಯ ಕಣ್ಣ ಮೇಲಿನ ಐಸು, ಅಷ್ಟೆ.
ತಂಗಿ ಜಲಜಾಕ್ಷಿಗೋ
ಬರುವ ತಿಂಗಳು ಗುಲ್ಮಾರ್ಗ್,
ಕೇಬಲ್ ಕಾರು ಮುಟ್ಟದ ಆಚೆಯ ಇಳಿಜಾರು.

ಹಂಡೆಯ ಹಿಂದೆ ಒರಗಿ ನಿಂತಿವೆ ಎರಡು ಸ್ಕೀ ಹಲಗೆ.
ಏರುವಾಗ ಅಡಿಗೆ ಅಂಟಿಸುವ ರೋಮದ ಪಟ್ಟಿಗೆ
ನಮ್ಮ ಊರಿನ ಬೂಷ್ಟು.

ಆರು ತಿಂಗಳಿಂದ ಪೊಸಡಿ ಗುಂಪೆ ಹತ್ತುತ್ತಾಳೆ
ಬೆನ್ನಿಗೆ ಹದಿನೆಂಟು ಕಿಲೊ ಹೊಯಿಗೆ ಹೊತ್ತು;
ಇಳಿದದ್ದನ್ನೇ ನೆನಪಿಡುತ್ತದಂತೆ ಮೊಣಕಾಲು.

ಈ ಸಂಜೆ ಕಣ್ವತೀರ್ಥದಲ್ಲಿ ನನ್ನ ಕೆಲಸ ಹೂಳುವುದು:
ಕೂಗುವ ಪುಟ್ಟ ಪೆಟ್ಟಿಗೆಯನ್ನು ಹಳೇ ಲುಂಗಿಯಲ್ಲಿ ಸುತ್ತಿ
ಎರಡು ಮೊಳ ಆಳಕ್ಕೆ.
ಅವಳು ಕಡಲ ಕಡೆ ತಿರುಗಿ ನಿಂತಿರುತ್ತಾಳೆ, ಕಳ್ಳಾಟವಿಲ್ಲದೆ.

ನಂತರ ಓಟ. ಕೈಯ ಯಂತ್ರದಲ್ಲಿ ಅಂಕೆ ಇಳಿಯುತ್ತದೆ,
ಕೋಲು ಚುಚ್ಚುತ್ತಾಳೆ, ಸಲಿಕೆ ಜೋಡಿಸುತ್ತಾಳೆ.

ಬಲೆ ಹೊಲಿಯುತ್ತಿದ್ದ ಲೋಹಿತಣ್ಣ ಕೇಳಿದ:
"ಎಂತ, ಉಂಗುರ ಬಿತ್ತಾ?"
"ಅಲ್ಲ, ಮನುಷ್ಯ," ಅಂದಳು, ಅಗೆಯುತ್ತಲೇ.

ಸೂಜಿ ನಿಂತಿತು.
ಮತ್ತೇನೂ ಕೇಳದೆ ಬಂದು
ಮುದುಕ ಬರಿಗೈಯಲ್ಲಿ ಬಗೆಯತೊಡಗಿದ,
ಯಾರೆಂದು ಗೊತ್ತಿದ್ದವನ ಹಾಗೆ.

ಸಿಕ್ಕಿತು. ಹದಿನಾಲ್ಕು ನಿಮಿಷ.
"ಅಷ್ಟರಲ್ಲಿ ಉಸಿರು ಮುಗಿದಿರುತ್ತದೆ ಅಣ್ಣಾ.
ಇನ್ನೊಮ್ಮೆ ಹೂಳು."

ಹೂತೆ.
ಈ ಸಲ ಗೇಣು ಆಳಕ್ಕೆ.