ಸಾಕಿನ್ ಬಾಗಲಕೋಟಿ

ನಮ್ಮ ಅಡ್ಡಹೆಸರು ಹೊಸಮನಿ.
ನವನಗರದಾಗ ಹದಿನಾಲ್ಕು ವರ್ಷಕ್ಕ
ಐದು ಬಾಡಗಿ ಮನಿ ಬದಲಿ ಮಾಡೀವಿ.
ರೈಟರ್ ತೇರದಾಳ ಪತ್ರ ಬರಕೋತ ನಕ್ಕ:
"ಹೊಸಮನಿಯವರು ಕಡೀಕೂ ಮನಿ ತಗೊಂಡ್ರಿ."

ಬಾದಾಮಿಯೊಳಗ ಎರಡು ಖೋಲಿ, ಕೆಂಪುಗಲ್ಲಿನ ಗ್ವಾಡಿ,
ಮ್ಯಾಲೆ ಮಣ್ಣಿನ ಮಾಳಗಿ.
ಇರಾಕಲ್ಲ. ಗುಹೆ ನೋಡಾಕ ಬಂದವರು
ಒಂದೆರಡು ರಾತ್ರಿ ಇದ್ದು ಹೋಗಾಕ.

ನೋಂದಣಿ ಕಚೇರಿಯ ಬೆಂಚಿನ ಮ್ಯಾಲೆ ಕುಂತು
ಲೆಕ್ಕ ಹಾಕಿದೆ, ನನಗ ಬರೂ ಲೆಕ್ಕ:
ನೂರು ರೊಟ್ಟಿ ಬಡದ್ರ ಇಷ್ಟು ರೊಟ್ಟಿ ಮುದ್ರಾಂಕಕ್ಕ,
ಆ ರೊಟ್ಟಿಯೊಳಗ ಮುರದ ತುಂಡು ಸೆಸ್ಸಿಗೆ,
ತುಂಡಿನ ಅಂಚು ಸರ್ಚಾರ್ಜಿಗೆ,
ನೋಂದಣಿ ಫೀಸಿಗೆ ಮತ್ತ ಬ್ಯಾರೆ,
ಸ್ಕ್ಯಾನ್ ಮಾಡಾವಗ ಉದುರಿದ ಹಿಟ್ಟು.
ಪುಟ್ಟಿಯೊಳಗ ಉಳದದ್ದು ನೋಡಿ
ಸಿದ್ರಾಯಪ್ಪ ಎಲಿ ಅಡಕಿ ಹಾಕ್ಕೊಂಡ,
ಏನೂ ಮಾತಾಡಲಿಲ್ಲ.

ನದಾಫ ಮಾಮಾ ಗ್ವಾಡಿಯ ಬಿರುಕು ತಾನಾಗೇ ತೋರಿಸಿ
ಬೆಲಿ ಇಳಿಸಿದ್ದ.
ಕಚೇರಿ ಇಳಿಸಲಿಲ್ಲ.
ಆ ಓಣಿಗೆ ಮಾರ್ಗಸೂಚಿ ದರ ಇಷ್ಟಂದ್ರ ಇಷ್ಟ.
ಸರಕಾರ ನಮ್ಮ ಮನಿ ನೋಡಿಲ್ಲ,
ನೋಡಲಾರದ ನನಗಿಂತ ಹೆಚ್ಚಿನ ಬೆಲಿ ಕಟ್ಟೈತಿ.
ಬಿರುಕಿಗೂ ಶುಲ್ಕ ಕೊಟ್ಟೆ.

ಕೇಳೂದು ಕೇಳಿಬಿಡೂಣು ಅಂತ ಕೇಳಿದೆ:
"ಸಾಹೇಬ್ರ, ಇದು ನಮ್ಮ ಮೊದಲನೇ ಮನಿ.
ನಾವು ಬಾಡಗಿದವರು. ಏನರ ಕಡಿಮಿ ಆಕ್ಕೈತೇನ್ರಿ?"
"ಇರಾಕ ತಗೊಂಡೀರೇನು?"
"ಇಲ್ಲ್ರಿ, ಬಾಡಗಿ ಕೊಡಾಕ."
ಅವರು ಚಷ್ಮಾ ಮ್ಯಾಲೆ ಸರಿಸಿದ್ರು:
"ಅಕ್ಕಾರ, ನೀವು ಎಲ್ಲಿ ಮಲಗತೀರಿ ಅಂತ
ಛಾಪಾಕ್ಕ ಕೇಳಾಕ ಬರೂದಿಲ್ಲ."

ಹೆಬ್ಬೆಟ್ಟು ಯಂತ್ರದ ಮ್ಯಾಲೆ ಒತ್ತಿದೆ. ಬರಲಿಲ್ಲ.
ನಡುಬೆರಳು ಬರಲಿಲ್ಲ.
ಗೆರಿ ಎಲ್ಲಾ ಹಂಚು ತಿಂದೈತಿ.
ಎಡಗೈಯ ಕಿರುಬೆರಳು ಒಂದ
ನಾನು ನಾನು ಅಂತ ಸಾಕ್ಷಿ ಹೇಳಿತು.

ಪತ್ರದಾಗ ಹಿಂಗ ಐತಿ:
ಕಸ್ತೂರೆವ್ವ ಕೋಂ ಸಿದ್ರಾಯಪ್ಪ ಹೊಸಮನಿ,
ವಯಾ ನಲವತ್ತೇಳು, ಉದ್ಯೋಗ ರೊಟ್ಟಿ ವ್ಯಾಪಾರ,
ಸಾಕಿನ್ ಬಾಗಲಕೋಟಿ, ಗುರುಸಂಗಪ್ಪ ಇಂಡಿ ಇವರ ಮನೆಯಲ್ಲಿ ಬಾಡಿಗೆ.
ಪೂರ್ವಕ್ಕೆ ಹಾಲಪ್ಪನ ಬಯಲು ಜಾಗ,
ಪಶ್ಚಿಮಕ್ಕೆ ಗಟಾರು, ದಕ್ಷಿಣಕ್ಕೆ ರಸ್ತೆ,
ಉತ್ತರಕ್ಕೆ ಸರಕಾರಿ ಗುಡ್ಡ.
ಮಂಗ್ಯಾಗಳ ಹೆಸರು ಬರದಿಲ್ಲ.
ಅವು ನಾಲ್ಕೂ ಕಡೆಯಿಂದ ಬರತಾವ.

ಉತಾರದಾಗ ಹೆಸರು ಏರಸಾಕ ಪುರಸಭೆಗೆ ಹೋದ್ರ
ಅಲ್ಲಿಯವ ಮತ್ತೊಂದು ಫಾರ್ಮ್ ಮುಂದ ಮಾಡಿದ:
"ಹಾಸಗಿ ಹಾಸಿದ್ರ ಮನಿ.
ರೊಕ್ಕಾ ತಗೊಂಡು ಹಾಸಿದ್ರ ಧಂದೆ.
ಇದರಾಗ ಯಾವುದು, ಟಿಕ್ ಮಾಡ್ರಿ."
ಪೆನ್ನಿನ ಶಾಯಿ ಅಲ್ಲೇ ಮುಗೀತು. ಅವನ ಪೆನ್ನು ಇಸ್ಕೊಂಡೆ.

ಇಂಡಿ ಕಾಕಾಗ ಪೇಢೆ ಕೊಟ್ಟೆ.
ಬಾಯಾಗ ಇಟ್ಕೊಂಡು ಅಂದ:
"ಚಲೋ ಆತು ತಂಗಿ, ನೀವೂ ಮಾಲಕರಾದ್ರಿ.
ಮುಂದಿನ ತಿಂಗಳಿಂದ ಸಾವಿರ ಹೆಚ್ಚಿಗಿ ಕೊಡ್ರಿ."
ಇದು ಯಾವ ಕಲಮಿನಾಗ ಬರತೈತಿ
ತೇರದಾಳನ್ನ ಕೇಳಬೇಕು.

ಮೊದಲನೇ ಬುಕಿಂಗು ಶನಿವಾರ, ಕೊಲ್ಹಾಪುರದವರು.
ಶುಕ್ರವಾರ ರಾತ್ರಿ ಒಂದು ಮನಿ ನಮ್ಮದು.
ಹೊಸಾ ಗಾದಿ ಸುಕ್ಕಾಗಬಾರದಂತ
ನೆಲದ ಮ್ಯಾಲೆ ಚಾಪಿ ಹಾಸಿದ್ವಿ.

ನಿದ್ದಿ ಬರಲಿಲ್ಲ. ಎದ್ದು ಸುತ್ತಿಗಿ ಹುಡುಕಿದೆ.
ಬಾಡಗಿ ಮನಿಯಾಗ ಮೊಳಿ ಬಡಿಯೂ ಮೊದಲು ಕೇಳಬೇಕು.
ಐದು ಮನಿ, ಐದು ಸಲ ಬ್ಯಾಡ ಅಂದಾರ;
ದೇವರ ಫೋಟೋ ಜೋಳದ ಡಬ್ಬಿಗೆ ಆನಿಸಿ
ಊದಿನಕಡ್ಡಿ ಹಚ್ಚೀನಿ.
ಇಲ್ಲಿ ಯಾರನ್ನ ಕೇಳಲಿ?

ಬಾಗಿಲ ಹಿಂದ, ಬಂದವರ ಕಣ್ಣಿಗೆ ಬೀಳದಂಗ,
ಎರಡು ಕಲ್ಲಿನ ಸಂದಿಯೊಳಗ ಮೊಳಿ ಇಟ್ಟು
ಒಂದ ಏಟು ಹಾಕಿದೆ.

ಸಿದ್ರಾಯಪ್ಪ ಮಗ್ಗಲಾ ಹೊಳ್ಳಿ, ನಿದ್ದಿಗಣ್ಣಾಗ:
"ಮೆಲ್ಲಕ ಮಾರಾಯ್ತಿ,
ಮಾಲಕರು ಎದ್ದಾರು."