ಕೂತು ಕೇಳಿದ್ದು

ಗುರುವಾರ ನಾಲ್ಕಕ್ಕೆ, ಕಾಫಿ ಲೋಟ ತೊಳೆಯುವ ಮೊದಲೇ,
ಅಮ್ಮತ್ತಿಯ ಈ ವೃದ್ಧಾಶ್ರಮದ ಊಟದ ಕೋಣೆಯಲ್ಲಿ
ಹನ್ನೊಂದು ಕುರ್ಚಿ, ಎರಡು ಗಾಲಿಕುರ್ಚಿ,
ಬಿಸ್ಕತ್ತಿನ ಡಬ್ಬಿಯಷ್ಟೇ ಇರುವ ಒಂದು ಸ್ಪೀಕರು.
ಗುಂಡಿ ಒತ್ತುವ ಕೆಲಸ ನನ್ನದು.
ಮೂವತ್ತೊಂದು ವರ್ಷ ವಿರಾಜಪೇಟೆಯ ಎಕ್ಸ್‌ಚೇಂಜಿನಲ್ಲಿ
ತಂತಿಗೆ ತಂತಿ ಸೇರಿಸಿದೊಡನೆ ಕಿವಿ ಕಿತ್ತುಕೊಂಡವಳು;
ಕೇಳಬಾರದು ಎಂಬುದೇ ಸಂಬಳದ ಕರಾರು.

ಈಗ ಕೇಳಬೇಕು. ಕೇಳಿ ಮಾತಾಡಬೇಕು.
ಚೆನ್ನಾಗಿದೆ ಎಂದಷ್ಟೇ ಹೇಳಿದರೆ ಸಾಲದು.
ನಿಯಮ ಮಾಡಿದ ನರ್ಸ್ ಲೀನಾ
ಮದುವೆಯಾಗಿ ಮಂಜೇಶ್ವರಕ್ಕೆ ಹೋದಳು, ನಿಯಮ ಉಳಿಯಿತು.

ಸಿಸಿಲಿಯಾ ಬಾಯಿಗೆ ಕೊಂಕಣಿಯ ಕ್ರಿಸ್‌ಮಸ್ ಹಾಡು, ಮೇ ತಿಂಗಳಲ್ಲೂ.
ಕುಂಞಾಮಿನ ತರಿಸಿದ್ದು ಒಪ್ಪನೆ;
ಚಪ್ಪಾಳೆ ಎರಡೋ ಮೂರೋ ಎಂದು ಅರ್ಧ ಗಂಟೆ ಜಗಳ.
ಸುಬೇದಾರ್ ಬೆಳ್ಯಪ್ಪನವರಿಗೆ ಪಲ್ಟಣದ ಬ್ಯಾಂಡೇ ಆಗಬೇಕು,
ಕಣ್ಣು ಮುಚ್ಚಿ ಕೇಳಿ, ಯಾರೂ ಹೆಜ್ಜೆ ತಪ್ಪಿಲ್ಲ
ಎಂದು ವರದಿ ಒಪ್ಪಿಸುತ್ತಾರೆ.
ಚೋಂದವ್ವನವರಿಗೆ ಕಿವಿ ಪೂರಾ ಇಲ್ಲ;
ಸ್ಪೀಕರಿನ ಮೇಲೆ ಅಂಗೈ ಇಟ್ಟು
'ಇವತ್ತಿನದು ಜೇನುಗೂಡು' ಎನ್ನುತ್ತಾರೆ.
ಅದರ ಮೇಲೆ ಯಾರಿಗೂ ಮಾತಿಲ್ಲ.

ಮುತ್ತ ಬಂದು ಎಂಟು ತಿಂಗಳು.
ಬಾಗಿಲ ಪಕ್ಕದ ಕುರ್ಚಿ, ಅದೂ ಅಂಚಿನಲ್ಲಿ.
ಸರದಿ ಬಂದಾಗಲೆಲ್ಲ ಬೇರೆಯವರಿಗೆ ದಾಟಿಸುತ್ತಿದ್ದವನು
ಕಳೆದ ವಾರ ಅಡುಗೆಯ ಹುಡುಗನ ಫೋನು ತಂದುಕೊಟ್ಟ.
ಅದರಲ್ಲಿ ಯಾರದೋ ಮದುವೆ ಮನೆಯ ವಾಲಗ,
ನಡುವೆ ಜನರ ಕೇಕೆ, ಜೀಪಿನ ಹಾರನ್ನು.

ಕೊಂಬು ಏರಿದ್ದೇ ತಡ
ಸುಬೇದಾರರ ಒಂದು ಚಪ್ಪಲಿ ಮೇಜಿನ ಕೆಳಗೆ ಹಾರಿತು.
ಮಂಡಿಚಿಪ್ಪು ಬದಲಾಯಿಸಿಕೊಂಡ ಪೂವಿ ಅಕ್ಕ
ಭುಜದಲ್ಲೇ ಕುಣಿದರು.
ಚೋಂದವ್ವ ಅಂಗೈ ತೆಗೆಯದೆ ಕೇಳಿದರು: 'ಯಾರ ಮದುವೆ?'

ಮುಗಿದ ಮೇಲೆ ಮಾತು, ಮಾತಿನ ಮೇಲೆ ಮಾತು.
ನನ್ನ ಮದುವೆಗೆ ಇದಕ್ಕಿಂತ ಜೋರಿತ್ತು, ಎಂದರು ಸುಬೇದಾರರು.

'ಇರಲಿಲ್ಲ,' ಅಂದ ಮುತ್ತ.
'ಏಪ್ರಿಲ್ ಮಳೆ ಹೊಡೆದು ಕೊಟ್ಟಿನ ಚರ್ಮ ಸಡಿಲಾಗಿತ್ತು.
ಅನ್ನದ ಒಲೆಗೆ ಹಿಡಿದು ಕಾಯಿಸಿದೆವು.
ನಿಮ್ಮ ಬಿಳಿ ಕುಪ್ಯದ ಅಂಚಿಗೆ ಕೆಸರು.
ಚೋಂದವ್ವನವರದು ಹಾತೂರಿನಲ್ಲಿ,
ಪೂವಿ ಅಕ್ಕನದಕ್ಕೆ ಎರಡು ದಿನ.
ಎಲ್ಲದಕ್ಕೂ ಅಂಗಳದ ಮೂಲೆಯಲ್ಲಿ ನಿಂತಿದ್ದೆ.
ಕೂತು ಕೇಳಿದ್ದು ಇವತ್ತೇ.'

ಫ್ಯಾನು ತಿರುಗುವುದು ಕೇಳಿಸಿತು.
ನಿಯಮದ ಪ್ರಕಾರ ಯಾರಾದರೂ ಏನಾದರೂ ಹೇಳಬೇಕು.
ಸುಬೇದಾರರು ಬಗ್ಗಿ, ಬಹಳ ಹೊತ್ತು,
ಚಪ್ಪಲಿ ಹುಡುಕಿದರು.

ಹಿಂದೆ ಲೈನಿನಲ್ಲಿ ಇಬ್ಬರೂ ಸುಮ್ಮನಾದರೆ
ನಾನು ಹೇಳಲೇಬೇಕಾದ ಒಂದು ಮಾತಿತ್ತು.
ಅದೇ ಬಾಯಿಗೆ ಬಂತು:
'ಮೂರು ನಿಮಿಷ ಆಯಿತು. ಮುಂದುವರಿಸಲಾ?'

'ಮುಂದುವರಿಸಿ,' ಎಂದರು ಮುತ್ತ, ಕುರ್ಚಿಯಲ್ಲಿ ಹಿಂದಕ್ಕೆ ಸರಿದು.
'ಕೊಂಬಿನವನು ಒಂದು ಕಡೆ ಅವಸರ ಮಾಡಿದ್ದಾನೆ.
ಎಲ್ಲಿ ಅಂತ ಈಗ ತೋರಿಸ್ತೇನೆ.'