ಇಳಿಜಾರು

ಅಡುಗೆಮನೆ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ.
ಮಕ್ಕಳ ಎತ್ತರ ಅಂದುಕೊಂಡಳು ಅಳೆಯಲು ಬಂದ ಇಂಜಿನಿಯರ್ ಹುಡುಗಿ.
ಅಲ್ಲ, ನೀರಿನದು.
ಇದು ಹಂಡೆ ತೇಲಿದ ವರ್ಷ,
ಇದು ಶೇವಂತಿಯ ಬಾಣಂತಿ ಮಗಳನ್ನು
ಕಿತ್ತ ಬಾಗಿಲ ಮೇಲೆ ಮಲಗಿಸಿ ದಾಟಿಸಿದ ವರ್ಷ,
ಇದು ಹೋದ ಜುಲೈ. ಉಪ್ಪಿನ ಡಬ್ಬಿಯ ತನಕ.

ಸುಂಕೇರಿಯ ನಮ್ಮ ಓಣಿಯಲ್ಲಿ ಎಲ್ಲರ ಬೆರಳಿಗೂ ಗೊತ್ತು
ನೀರು ಯಾರಿಂದ ಬರುತ್ತದೆಂದು.
ಮೇಲಿನವರು ಕೆಳಗೆ ತೋರಿದರು, ಕೆಳಗಿನವರು ಮೇಲೆ,
ಪುಂಡಲೀಕ ತಾಂಡೇಲ ಸಮುದ್ರವನ್ನೇ ತೋರಿಸಿದ:
"ಅಮಾಸೆ ಭರತಿಗೆ ಹೊಳೆಯೇ ಹಿಂದೆ ಬರ್ತದೆ ಬಾಯೋರೇ,
ಗಟಾರ ಏನು ಮಾಡ್ತದೆ?"
ನಾನೂ ತೋರಿಸಿದೆ. ಹೆದ್ದಾರಿಯ ಕಡೆ.

ಅವಳು ವಾದಿಸಲಿಲ್ಲ.
ಭಟ್ಕಳದವಳು, ನಫೀಸಾ ಅಂತೆ ಹೆಸರು,
ಕಾಲಿನ ಬಟ್ಟೆ ಮಡಚಿ ಗಟಾರಕ್ಕಿಳಿದು
ಒಂದು ಹಿಡಿ ಭತ್ತದ ಉಮಿ ಕೇಳಿದಳು.
ಎರಚಿ, ಅದರ ಹಿಂದೆಯೇ ನಡೆದಳು
ಮದುವೆಮನೆ ಹುಡುಕುವವಳ ಹಾಗೆ.

ಉಮಿ ಹೋಯಿತು ಶೇವಂತಿಯ ಬಾವಿಕಟ್ಟೆ ದಾಟಿ,
ಮುಚ್ಚಿದ ಐಸು ಕಾರ್ಖಾನೆಯ ಹಿತ್ತಲು ದಾಟಿ,
ತಿರುಗಿ, ಹಿಂಜರಿದು,
ನಮ್ಮ ಮೆಟ್ಟಿಲ ಮುಂದೆ ನಿಂತಿತು.

ಮಾವನವರು ಹಾಕಿಸಿದ ಮೆಟ್ಟಿಲು.
ಮೂರು ಚಿರೇಕಲ್ಲು, ಮೇಲೊಂದು ಕಾಂಕ್ರೀಟು ಹಾಸು,
ಹಸಿ ಸಿಮೆಂಟಿನಲ್ಲಿ ಕಡ್ಡಿಯಿಂದ ಬರೆದ ಇಸವಿ.
ಸಂಜೆ ಅದರ ಮೇಲೆ ಕೂತೇ
ನಾವು ನೀರಿಗೆ ಶಾಪ ಹಾಕುತ್ತಿದ್ದದ್ದು.

ಪಿಕಾಸಿ ನಾನೇ ಕೊಟ್ಟೆ ಎಂದರೆ ಸುಳ್ಳು.
ಎರಡು ದಿನ ಬಾಗಿಲು ಹಾಕಿಕೊಂಡೆ.
ಮೂರನೆಯ ದಿನ ಶೇವಂತಿ ಬಂದಳು, ಏನೂ ಅನ್ನದೆ
ನಾಲ್ಕು ಒಣಬಂಗಡೆ ಕೊಟ್ಟು ಹೋದಳು.
ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಒಡೆದಾಗ ಸಿಕ್ಕಿದ್ದು: ಬಲೆಯ ಬೆಂಡು, ಕಾಲು ಮುರಿದ ಮಣೆ,
ಗಂಡ ಹುಡುಕಿ ಹುಡುಕಿ ನನ್ನನ್ನು ಬಯ್ದಿದ್ದ ಎಡಗಾಲ ಚಪ್ಪಲಿ,
ಮತ್ತೆ ಕಪ್ಪು ಕೆಸರು, ಅರವತ್ತೆರಡು ಬುಟ್ಟಿ. ಎಣಿಸಿದೆ.

ಹೊಸ ಗಟಾರಕ್ಕೆ ನೂರಡಿಗೆ ಮೂರಿಂಚು ಇಳಿಜಾರು.
ಹೊಳೆ ಸೇರುವಲ್ಲಿ ಒಂದು ಕಬ್ಬಿಣದ ಕದ:
ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ,
ಸಮುದ್ರ ತಟ್ಟಿದರೆ ಮುಚ್ಚಿಕೊಳ್ಳುತ್ತದೆ.
ಭರತಿ ಇಳಿಯುವ ತನಕ ಮಳೆ ಕಾಯಬೇಕು;
ಅಷ್ಟು ಹೊತ್ತು ಅಂಗಳದಲ್ಲಿ ನಿಲ್ಲುತ್ತದೆ, ಪಾದ ಮುಳುಗುವಷ್ಟು.
ಅದನ್ನು ನಫೀಸಾ ಮೊದಲೇ ಹೇಳಿದ್ದಳು.

ಈ ಆಷಾಢದಲ್ಲಿ ಪೆನ್ಸಿಲ್ ಹಿಡಿದು ರಾತ್ರಿಯಿಡೀ ಕೂತೆ.
ನೀರು ಬಂತು, ಮೆಟ್ಟಿಲಿದ್ದ ಜಾಗ ನೋಡಿತು,
ಹೋಯಿತು.

ಈಗ ಓಣಿಗಿಳಿಯಲು ಹಲಗೆಯ ಮೇಲೆ ಕಾಲಿಡಬೇಕು.
ಶೇವಂತಿಯ ಮನೆಯದೇ, ಆ ವರ್ಷದ ಬಾಗಿಲು.
ಕೆಳಗೆ ಅವರಿವರ ಮನೆಯ ನೀರು
ಮಾತಾಡಿಕೊಂಡು ಹೋಗುವುದು ಕೇಳಿಸುತ್ತದೆ.